ಎರಡು ಗಂಟೆಯ ಸೈರನ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಪ್ಪನ ಮಾತಿಗಿಂತ ದೊಡ್ಡ ಮಾತು ಒಂದೇ ಇತ್ತು, ಅದು ಕಾರ್ಖಾನೆಯ ಸೈರನ್. ಭದ್ರಾವತಿಯ ನ್ಯೂ ಟೌನ್‌ನಲ್ಲಿ ನಮ್ಮ ಕ್ವಾರ್ಟರ್ಸ್. ಬೆಳಿಗ್ಗೆ ಆರರ ಸೈರನ್ ಆದರೆ ನಾವು ಹಾಸಿಗೆ ಮಡಿಸಬೇಕು, ಎರಡರ ಸೈರನ್ ಆದರೆ ಅಮ್ಮ ತಟ್ಟೆ ಹಾಕಬೇಕು, ಐದರದ್ದು ಕೂಗಿದರೆ ಮೈದಾನದಲ್ಲಿ ಆಟ ಎಷ್ಟೇ ರಂಗೇರಿದ್ದರೂ ಬಿಟ್ಟು ಓಡಿ ಬರಬೇಕು. ಅಪ್ಪ ಸೈರನ್ ಕೇಳಿ ಕೈಗಡಿಯಾರ ತಿದ್ದಿಕೊಳ್ಳುತ್ತಿದ್ದರೇ ಹೊರತು, ಗಡಿಯಾರ ನೋಡಿ ಸೈರನ್ ತಪ್ಪು ಅಂದವರಲ್ಲ. ಕಾದ ಕಬ್ಬಿಣ ಬಡಿಯುವ ಸದ್ದಿನ ನಡುವೆ ಇಪ್ಪತ್ತು ವರ್ಷ ದುಡಿದು ಅವರ ಕಿವಿ ಮಂದವಾಗಿತ್ತು. ನಾವು ಪಕ್ಕದಲ್ಲಿ ನಿಂತು ಕರೆದರೂ ಕೇಳುತ್ತಿರಲಿಲ್ಲ, ಸೈರನ್ ಮಾತ್ರ ಕೇಳುತ್ತಿತ್ತು.

ಇದೆಲ್ಲ ಈಗ ಯಾಕೆ ಅಂದರೆ, ಹೋದ ಭಾನುವಾರ ಡ್ಯಾಮಿನ ಹತ್ತಿರ ನೀವು ಮೂವರೂ ನಿಮ್ಮ ಅಜ್ಜಿಯನ್ನು ನೋಡಿ ಬಿದ್ದು ಬಿದ್ದು ನಕ್ಕಿರಿ. ಎಲ್ಲೋ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು, ನಿಮ್ಮ ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎದ್ದು ಮೆಟ್ಟಿಲು ಹತ್ತಿಬಿಟ್ಟಳು. ಆಮೇಲೆ ನಿಮಗೂ ಕೊಡದೆ ಎತ್ತಿಟ್ಟಿದ್ದ ಬಾಳೆಹಣ್ಣನ್ನು ಯಾರದೋ ಎಮ್ಮೆಕರುವಿಗೆ ತಿನ್ನಿಸಿದಳು. ಅಜ್ಜಿಗೆ ಅರಳು ಮರಳು ಅಂದಿರಿ. ನಿಮ್ಮ ಅಜ್ಜಿ ನನಗೆ ಅಕ್ಕ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳ ದೆಸೆಯಿಂದಲೇ ನಾನು ತಲೆ ನರೆಯುವ ಮೊದಲೇ ನಿಮಗೆ ಚಿಕ್ಕಜ್ಜನಾಗಿ ಕೂತಿದ್ದೇನೆ. ಅವಳು ಈ ಕಥೆಯನ್ನು ಯಾರಿಗೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಆ ಫೋನು ಕೆಳಗಿಟ್ಟು ಕೇಳಿ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಗಣಪತಿ ಬಿಟ್ಟು ಒಂದು ವಾರವಾಗಿತ್ತು. ಮಳೆ ಹೊಳವಾಗಿ ಬಿಸಿಲು ಬಂದಿತ್ತು. ಆ ವಾರ ಅಪ್ಪನ ರಜೆ ಮಂಗಳವಾರಕ್ಕೆ ಬಿದ್ದಿತ್ತು. ಪಾಳಿಯ ಕೆಲಸದವರಿಗೆ ಭಾನುವಾರ ಅನ್ನುವುದೇ ಇಲ್ಲ, ರಜೆ ಬಂದ ದಿನವೇ ಭಾನುವಾರ. ನನಗೆ ಶಾಲೆ ತಪ್ಪಿಸಿ ಎಲ್ಲರೂ ಪಿಕ್ನಿಕ್ ಹೊರಟೆವು. ಎಲ್ಲಿಗೆ ಅನ್ನುವುದಕ್ಕೆ ಹಿಂದಿನ ದಿನವೇ ಜಗಳವಾಗಿತ್ತು. ನನಗೆ ಸಕ್ರೆಬೈಲಿನ ಆನೆ ನೋಡಬೇಕು, ಅಮ್ಮನಿಗೆ ಕೂಡ್ಲಿಯ ಸಂಗಮ, ಅಕ್ಕನಿಗೆ ಭದ್ರಾ ಡ್ಯಾಮಿನ ಕೆಳಗಿನ ಹೊಳೆ. ಒಂದೇ ಬಸ್ಸಿಗೆ ಹೋಗಿ ಬರಬಹುದು ಅಂತ ಅಪ್ಪ ಅಕ್ಕನ ಪರ ನಿಂತರು. ನಾನು ಬಸ್ಸಿನಲ್ಲಿ ಇಳಿಯುವವರೆಗೂ ಮುಖ ಊದಿಸಿಕೊಂಡೇ ಕೂತಿದ್ದೆ.

ಬಸ್ಸಿಳಿದು ಹೊಳೆಯ ಕಡೆಗೆ ನಡೆದೆವು. ಮಂಗಳವಾರವಾದ್ದರಿಂದ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು, ಆದರೆ ಪಡುವಣದ ಗುಡ್ಡಗಳ ಮೇಲೆ ಮೋಡ ಇದ್ದಿಲಿನ ಬಣ್ಣಕ್ಕೆ ತಿರುಗಿ ಕೂತಿತ್ತು. ದಾರಿಯಲ್ಲಿ ಒಂದು ಬೋರ್ಡು. ಆಗ ನನಗೆ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದುವ ಚಟ. 'ಇಲ್ಲಿ ಈಜಬಾರದು' ಅಂತ ಮೊದಲ ಸಾಲು ಓದಿದೆ.

"ನಾವೇನು ಈಜಕ್ಕೆ ಬಂದಿದೀವಾ? ನಡಿ ನಡಿ" ಅಂದರು ಅಪ್ಪ. ಕೆಳಗೆ ಇನ್ನೊಂದು ಸಾಲು ಇತ್ತು. ನಾನು ಓದಲಿಲ್ಲ, ಯಾರೂ ಓದಲಿಲ್ಲ.

ಡ್ಯಾಮಿನ ಬಾಗಿಲು ಮುಚ್ಚಿದ್ದರಿಂದ ಹೊಳೆ ಬಡಕಲಾಗಿತ್ತು. ಕಪ್ಪು ಬಂಡೆಗಳು ಎಲ್ಲೆಲ್ಲೂ ಎದ್ದು ಕಾಣುತ್ತಿದ್ದವು, ನಡುವೆ ಕಾಲಿನ ಮೀನಖಂಡದವರೆಗೆ ತಣ್ಣನೆಯ ನೀರು, ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿ. ಅದನ್ನು ದಾಟಿ ಹೊಳೆಯ ನಡುವಿನ ಒಂದು ಅಗಲವಾದ ಬಂಡೆಯ ಮೇಲೆ ಜಮಖಾನ ಹಾಸಿದೆವು. ನೀರಿನ ಪಾಚಿಯ ವಾಸನೆ, ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಅಮ್ಮ ಬಿಚ್ಚಿದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಎಲ್ಲ ಒಟ್ಟಿಗೆ ಬಂತು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ದಡದಲ್ಲಿ ಒಬ್ಬ ವಯಸ್ಸಾದ ಹೆಂಗಸು ನಾಲ್ಕೈದು ಎಮ್ಮೆ ಮೇಯಿಸುತ್ತಿದ್ದಳು. ಒಂದು ಎಳೇ ಕರುವನ್ನು ಮಾತ್ರ ನೀರಿಗೆ ಇಳಿಯದ ಹಾಗೆ ಉದ್ದನೆಯ ಹಗ್ಗದಲ್ಲಿ ಗಿಡಕ್ಕೆ ಕಟ್ಟಿದ್ದಳು. ಇನ್ನೊಂದು ಹಗ್ಗ ಸುರುಳಿಯಾಗಿ ಅವಳ ಹೆಗಲ ಮೇಲಿತ್ತು.

ಅಮ್ಮ ರೊಟ್ಟಿ ಬಡಿಸುವ ಹೊತ್ತಿಗೆ ಸರಿಯಾಗಿ ಸೈರನ್ ಕೂಗಿತು.

ಅಪ್ಪನ ಮುಖ ಅರಳಿತು. ಕೈಗಡಿಯಾರ ನೋಡಿದರು, ಎರಡಕ್ಕೆ ಇನ್ನೂ ಮೂರು ನಿಮಿಷ ಇತ್ತು. ಕೀಲಿ ಎಳೆದು ಮುಳ್ಳನ್ನು ಮುಂದಕ್ಕೆ ತಿರುಗಿಸಿದರು. "ನೋಡಿದ್ಯಾ, ನಮ್ಮ ಸೈರನ್ ಇಲ್ಲೀವರ್ಗೂ ಕೇಳ್ತದೆ. ಸರಿಯಾಗಿ ಎರಡು ಗಂಟೆ. ಹಾಕು ಊಟ" ಅಂದರು. ಊರು ಅಲ್ಲಿಂದ ಎಷ್ಟೋ ಮೈಲಿ ದೂರ. ಅಮ್ಮನಿಗೂ ಅದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಹೊತ್ತಿಗೆ ಆ ಸದ್ದು ಕೇಳಿದರೆ ತಟ್ಟೆ ಹಾಕುವುದು ಅವಳ ಕೈಗೆ ಅಂಟಿದ ಅಭ್ಯಾಸ.

ನನಗೆ ಮಾತ್ರ ಒಂದು ಅನುಮಾನ ಬಂತು. ನಮ್ಮ ಸೈರನ್ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಇದು ನಿಂತು, ಮತ್ತೆ ಕೂಗಿ, ನಿಂತು, ಮೂರನೆಯ ಸಲವೂ ಕೂಗಿತು. ಹೇಳಬೇಕು ಅಂತ ಬಾಯಿ ತೆರೆದೆ. ಅಪ್ಪ ಅಷ್ಟು ಖುಷಿಯಾಗಿದ್ದರು. ಖುಷಿಯಾಗಿದ್ದ ಅಪ್ಪನಿಗೆ ತಪ್ಪು ಅನ್ನುವ ಧೈರ್ಯ ನನಗಿರಲಿಲ್ಲ. ರೊಟ್ಟಿ ಬಾಯಿಗೆ ತುರುಕಿಕೊಂಡು ಸುಮ್ಮನಾದೆ. ಈಗಲೂ ಆ ತುತ್ತು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ದಡದಲ್ಲಿದ್ದ ಹೆಂಗಸು ಕಟ್ಟಿದ್ದ ಕರುವನ್ನು ಅಲ್ಲೇ ಬಿಟ್ಟು, ಎಮ್ಮೆಗಳನ್ನು ಅವಸರವಾಗಿ ಮೇಲಕ್ಕೆ ಅಟ್ಟುವುದು ಕಂಡಿತು. ಹಾಗೆ ಅಟ್ಟುತ್ತಾ ಹಿಂದೆ ತಿರುಗಿ, ನಮ್ಮ ಕಡೆ ಎರಡೂ ಕೈ ಎತ್ತಿ ಬೀಸಿದಳು. ಏನೋ ಕೂಗಿದಳು, ಮಾತು ತಿಳಿಯಲಿಲ್ಲ. ಅಪ್ಪ ನಕ್ಕು ತಾವೂ ಕೈ ಬೀಸಿದರು. ಊಟಕ್ಕೆ ಬಾ ಅಂತ ತಟ್ಟೆ ಎತ್ತಿ ತೋರಿಸಿದರು. ಆಕೆ ತಲೆ ಚಚ್ಚಿಕೊಂಡಳು.

ಊಟ ಮುಗಿಸಿ ಅಕ್ಕ ಕ್ಯಾರಿಯರ್ ತೊಳೆಯಲು ಇನ್ನೂ ಆಚೆಯ ಬಂಡೆಗೆ ಹೋದಳು. ಹರಿಯುವ ನೀರು ಅಲ್ಲಿ ಚೆನ್ನಾಗಿತ್ತು. ಚೂಡಿದಾರದ ಕಾಲು ಮಡಿಚಿಕೊಂಡು, ನಮಗೂ ಡ್ಯಾಮಿಗೂ ಬೆನ್ನು ಹಾಕಿ ಕೂತು, ಏನೋ ಗುನುಗುತ್ತಾ ಡಬ್ಬಿ ಉಜ್ಜುತ್ತಿದ್ದಳು. ಅಷ್ಟು ಹೊತ್ತು ಕಿಚಪಿಚ ಅನ್ನುತ್ತಿದ್ದ ಹಕ್ಕಿಗಳ ಸದ್ದು ನಿಂತಿತ್ತು. ಬಂಡೆಯ ಸಂದಿಯಿಂದ ಒಂದು ಏಡಿ ಹೊರಬಂದು ನನ್ನ ಕಾಲಿನ ಪಕ್ಕದಲ್ಲೇ ಮೇಲಕ್ಕೆ ಹತ್ತಿತು. ಅದರ ಹಿಂದೆ ಇನ್ನೊಂದು ಬಂತು. ತಿಳಿಯಾಗಿದ್ದ ನೀರಿನಲ್ಲಿ ತಳದ ಕಲ್ಲುಗಳು ಕಾಣದಾದವು. ಒಣ ಎಲೆ, ಕಡ್ಡಿ, ಬಿಳಿ ನೊರೆ ತೇಲಿ ಬಂದವು. ಅಮ್ಮ ಬಂಡೆಯ ಅಂಚಿನಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ಮೆಲ್ಲಗೆ ಎದ್ದು ಹೊರಟುಹೋಯಿತು.

"ರೀ, ನೀರು" ಅಂದಳು ಅಮ್ಮ. ಅಪ್ಪನಿಗೆ ಕೇಳಲಿಲ್ಲ. ಅವಳು ಅವರ ತೋಳು ಹಿಡಿದು ಜಗ್ಗಿ ತೋರಿಸಿದಳು. ಆಗ ಅಪ್ಪನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಅಪ್ಪನಿಗೆ ಹೆದರಿಕೆ ಆಗುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನನ್ನು ಹೆಗಲ ಮೇಲೆ ಹಾಕಿಕೊಂಡು, ಅಮ್ಮನ ಕೈ ಹಿಡಿದು ಅಪ್ಪ ನೀರಿಗಿಳಿದರು. ಬರುವಾಗ ಮೀನಖಂಡದಷ್ಟಿದ್ದ ನೀರು ಆಗಲೇ ಅವರ ಸೊಂಟ ಮುಟ್ಟುತ್ತಿತ್ತು. ನಾನು ಅಕ್ಕಾ ಅಂತ ಕಿರುಚಿದೆ. ಅಕ್ಕ ತಿರುಗಿ ನೋಡಿ ಎದ್ದು ನಿಂತಳು, ಕ್ಯಾರಿಯರ್ ಕೈಯಲ್ಲೇ ಇತ್ತು. ನಮ್ಮ ಬಂಡೆಗೂ ಅವಳ ಬಂಡೆಗೂ ನಡುವೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ನಾವು ದಡ ಮುಟ್ಟುವಷ್ಟರಲ್ಲಿ ಜಮಖಾನ ಹಾಸಿದ್ದ ಬಂಡೆ ಮುಳುಗಿತ್ತು. ಅಕ್ಕನ ಬಂಡೆ ಎತ್ತರದ್ದಾದ್ದರಿಂದ ಅವಳ ಪಾದದ ಹತ್ತಿರ ನೀರು ಆಡುತ್ತಿತ್ತು.

ಅಪ್ಪ ನನ್ನನ್ನು ಇಳಿಸಿ ಮತ್ತೆ ನೀರಿಗೆ ನುಗ್ಗಲು ಹೋದರು. ಎಮ್ಮೆಯ ಹೆಂಗಸು ಎಲ್ಲಿದ್ದಳೋ, ಓಡಿ ಬಂದು ಅವರ ಅಂಗಿಯ ಹಿಂಭಾಗ ಹಿಡಿದು ನಿಲ್ಲಿಸಿದಳು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು:

"ತಡಿ ಮಾರಾಯ. ಹಿಂಗೆ ಹೋದ್ರೆ ಇಬ್ರೂ ಹೋಗ್ತೀರಿ. ಮೇಲಿಂದ ಇಳಿ, ನೀರೇ ನಿನ್ನ ತಗೊಂಡೋಗಿ ಮಗಳ ಹತ್ರ ಬಿಡ್ತದೆ."

ಹೆಗಲ ಮೇಲಿದ್ದ ಹಗ್ಗ ಬಿಚ್ಚಿದಳು. ಅದು ಸಾಲುವುದಿಲ್ಲ ಅಂತ ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಸುತ್ತ ನೋಡಿ, ಗಿಡದ ಹತ್ತಿರ ಹೋಗಿ, ಕರುವಿನ ಕೊರಳ ಹಗ್ಗ ಬಿಚ್ಚಿ ತಂದಳು. ಎರಡನ್ನೂ ಗಂಟು ಹಾಕಿ, ಒಂದು ತುದಿಯನ್ನು ಮೇಲುಗಡೆಯ ಹೊಂಗೆಮರಕ್ಕೆ ಸುತ್ತಿ, ಇನ್ನೊಂದನ್ನು ಅಪ್ಪನ ಸೊಂಟಕ್ಕೆ ಕಟ್ಟಿದಳು. ಅಪ್ಪ ಇಳಿದರು. ಆಕೆ ಹೇಳಿದ ಹಾಗೇ ಸೆಳವು ಅವರನ್ನು ಕೊಂಡೊಯ್ದು ಅಕ್ಕನ ಬಂಡೆಗೆ ಬಡಿಯಿತು. ಅಷ್ಟರಲ್ಲಿ ಅಕ್ಕನ ಮೊಣಕಾಲು ಮುಳುಗಿತ್ತು. ಅವಳು ಕ್ಯಾರಿಯರ್ ಬಿಟ್ಟು ಅಪ್ಪನ ಕುತ್ತಿಗೆ ಹಿಡಿದುಕೊಂಡಳು. ನಾವು ಮೂವರು, ಆಕೆ, ಅಮ್ಮ, ನಾನು, ಹಗ್ಗ ಹಿಡಿದು ಹಿಂದಕ್ಕೆ ವಾಲಿದೆವು. ಹಗ್ಗ ನನ್ನ ಅಂಗೈ ಸುಲಿಯಿತು. ನೀರಿನ ಸದ್ದಿನಲ್ಲಿ ಅಮ್ಮ ದೇವರನ್ನು ಕರೆಯುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಆಗ ಕರು ಓಡಿತು. ಕೊರಳಲ್ಲಿ ಹಗ್ಗವಿಲ್ಲ, ನಮ್ಮ ಕಿರುಚಾಟಕ್ಕೆ ಬೆದರಿತ್ತು, ತಾಯಿ ಮೇಲೆ ಹೋಗಿದೆ ಅಂತ ಅದಕ್ಕೆ ತಿಳಿಯಲಿಲ್ಲವೇನೋ, ದಿನಾ ಎಮ್ಮೆಗಳು ಮಲಗುವ ನೀರಿನ ಕಡೆಗೇ ನೆಗೆಯಿತು. ಒಂದೇ ಒಂದು ಸಲ ಅದರ ತಲೆ ಮೇಲೆ ಬಂತು. ಒಂದು ಸಲ ಕೂಗಿತು.

ಆಕೆ ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಕೈ ಚಾಚಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ಅದು ಹೋಯಿತು. ಕೈ ಚಾಚಬೇಕೆಂದರೆ ಹಗ್ಗ ಬಿಡಬೇಕಿತ್ತು. ಅವಳ ಬಾಯಿಂದ ಒಂದು ಸಣ್ಣ ಸದ್ದು ಬಂತು, ಹಗ್ಗದ ಮೇಲಿನ ಕೈ ಮಾತ್ರ ಸಡಿಲವಾಗಲಿಲ್ಲ. "ಎಳಿ ತಮ್ಮಾ, ಎಳಿ" ಅಂದಳು ನನಗೆ.

ಎಳೆದೆವು. ಅಪ್ಪ, ಅಕ್ಕ ಇಬ್ಬರೂ ದಡದ ಕೆಸರಿಗೆ ಬಂದು ಬಿದ್ದರು. ಅಕ್ಕ ನೀರು ಕಾರಿಕೊಂಡಳು. ಅಮ್ಮ ಅವಳ ಕೆನ್ನೆಗೆ ಒಂದು ಏಟು ಕೊಟ್ಟು, ಅದೇ ಕೆನ್ನೆಯನ್ನು ಹಿಡಿದುಕೊಂಡು ಅತ್ತಳು. ಮೇಲೆ ರಸ್ತೆಯ ಹತ್ತಿರ ತಾಯಿ ಎಮ್ಮೆ ಕರೆಯತೊಡಗಿತು. ಅದಕ್ಕೆ ಉತ್ತರ ಬರಲಿಲ್ಲ, ಅದು ನಿಲ್ಲಿಸಲಿಲ್ಲ. ಅಪ್ಪನಿಗೆ ಆಮೇಲೆ ಎಲ್ಲ ಅರ್ಥವಾಯಿತು. ಎದ್ದು ಹೋಗಿ ಆಕೆಯ ಕಾಲಿನ ಹತ್ತಿರ ಕೂತುಬಿಟ್ಟರು.

ಆಕೆ ಹಗ್ಗದ ಗಂಟು ಬಿಚ್ಚುತ್ತಾ ಇದ್ದಳು. ನೆನೆದು ಬಿಗಿದಿದ್ದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. "ಮೂರು ಸಲ ಕೂಗ್ತಲ್ಲಪ್ಪ, ಕೇಳಿಲ್ವಾ?" ಅಂದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ಅಪ್ಪ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಮೂರು ಸಲ ಕೂಗಿದ್ದು ನನಗೆ ಕೇಳಿತ್ತು. ಆಮೇಲೆ ಆಕೆ ಅಕ್ಕನ ಒದ್ದೆ ತಲೆಯ ಮೇಲೆ ಕೈಯಿಟ್ಟು, "ಕರು ಇನ್ನೊಂದು ಹುಟ್ತದೆ. ಕತ್ಲೆ ಆಗಕ್ಕೆ ಮುಂಚೆ ಮನೆಗೆ ಹೋಗಿ" ಅಂದಳು.

ವಾಪಸು ಬರುವಾಗ ಬೋರ್ಡಿನ ಮುಂದೆ ಅಪ್ಪ ನಿಂತರು. ಕೆಳಗಿನ ಸಾಲನ್ನು ಓದು ಅಂತ ನನಗೆ ಸನ್ನೆ ಮಾಡಿದರು. 'ಡ್ಯಾಮಿನಿಂದ ನೀರು ಬಿಡುವ ಸೈರನ್ ಕೂಗಿದ ಕೂಡಲೇ ನದಿಯಿಂದ ಮೇಲೆ ಬನ್ನಿ.' ನಾನು ಎರಡು ಸಲ ಓದಬೇಕಾಯಿತು. ಮೊದಲ ಸಲ ನನ್ನ ದನಿ ಅವರಿಗೆ ಕೇಳಲಿಲ್ಲ.

ಊರಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಕಾರ್ಖಾನೆಯ ಐದು ಗಂಟೆಯ ಸೈರನ್ ಕೂಗಿತು, ದಿನಾ ಕೂಗುವ ಹಾಗೆ ಒಂದೇ ಸಲ. ಜನ ಸೈಕಲ್ ಹತ್ತಿ ಮನೆಗೆ ಹೊರಟರು. ಅಪ್ಪ ಮಾತ್ರ ರಸ್ತೆಯ ಮಧ್ಯದಲ್ಲಿ ನಿಂತುಬಿಟ್ಟರು. ನನ್ನ ಕೈ, ಅಕ್ಕನ ಕೈ ಎರಡನ್ನೂ ಗಟ್ಟಿಯಾಗಿ ಹಿಡಿದು, ಹತ್ತಲು ಎತ್ತರದ ಜಾಗ ಎಲ್ಲಿದೆ ಅಂತ ಸುತ್ತ ನೋಡುತ್ತಿದ್ದರು. ಅವತ್ತಿನಿಂದ ಅವರು ಸೈರನ್ ಕೇಳಿ ಗಡಿಯಾರ ತಿದ್ದಿಕೊಳ್ಳಲಿಲ್ಲ.

ಮುಂದಿನ ವಾರದ ರಜೆಗೆ ಅಪ್ಪ ಒಬ್ಬರೇ ಆ ಜಾಗಕ್ಕೆ ಹೋಗಿ ಬಂದರು, ಆಮೇಲೂ ಎಷ್ಟೋ ಸಲ ಹೋದರು. ಆಕೆ ಸಿಗಲಿಲ್ಲ. ಹೆಸರು ಕೇಳಿಕೊಂಡಿದ್ದರೆ ಹುಡುಕಬಹುದಿತ್ತು. ನಮ್ಮ ಗಾಬರಿಯಲ್ಲಿ ಅಷ್ಟೂ ಬುದ್ಧಿ ಇರಲಿಲ್ಲ.

ಈಗ ನೀವು ಪಿಕ್ನಿಕ್ ಹೋಗುವ ಜಾಗದಲ್ಲಿ ಕಬ್ಬಿಣದ ಬೇಲಿ ಇದೆ, ಮೆಟ್ಟಿಲು ಇದೆ, ಪಾರ್ಕು ಇದೆ, ಸೀಟಿ ಊದುವವನಿದ್ದಾನೆ. ನಮಗೆ ದಿನಕ್ಕೆ ನಾಲ್ಕು ಸಲ ಒಂದೇ ಸೈರನ್, ನಿಮಗೆ ದಿನಕ್ಕೆ ನೂರು ಸದ್ದು. ಫೋನು ಟಣ್ ಅಂದರೆ ನೋಡದೆಯೇ ಬೆರಳಲ್ಲಿ ಒರೆಸಿಬಿಡುತ್ತೀರಿ. ಮೊನ್ನೆ ಮಳೆಯ ಎಚ್ಚರಿಕೆ ಬಂದು ಮನೆಯ ಫೋನೆಲ್ಲ ಒಟ್ಟಿಗೆ ಅರಚಿಕೊಂಡಾಗ, ಅದು ಸುಮ್ನೆ ಬರುತ್ತೆ ಚಿಕ್ಕಜ್ಜ ಅಂದಿರಿ. ನಮ್ಮ ಅಪ್ಪನೂ ಅವತ್ತು ಹಾಗೇ ಅಂದುಕೊಂಡಿದ್ದರು, ಗೊತ್ತಿರುವ ಸದ್ದು ಅಂತ.

ನಿಮ್ಮ ಅಜ್ಜಿ ಪ್ರತಿ ಸಲ ಡ್ಯಾಮಿಗೆ ಹೊರಟಾಗ ಒಂದು ಚಿಪ್ಪು ಬಾಳೆಹಣ್ಣು ಬೇರೆ ಚೀಲದಲ್ಲಿ ಇಡುತ್ತಾಳೆ. ದಡದಲ್ಲಿ ಯಾರ ಕರು ಕಂಡರೂ ಸರಿ, ಹತ್ತಿರ ಹೋಗಿ ಮೊದಲು ಅದರ ಕೊರಳಿನ ಹಗ್ಗ ಗಟ್ಟಿಯಾಗಿದೆಯೇ ಅಂತ ಮುಟ್ಟಿ ನೋಡುತ್ತಾಳೆ, ಆಮೇಲೆ ಹಣ್ಣು ಕೊಡುತ್ತಾಳೆ. ಮುಂದಿನ ಸಲ ಆ ಚೀಲವನ್ನು ನೀವು ಹೊತ್ತುಕೊಳ್ಳಿ. ನಿಮ್ಮ ಅಜ್ಜಿ ಬದುಕಿದ್ದು ಒಂದು ಕರುವಿನ ಕೊರಳ ಹಗ್ಗದಿಂದ. ನಿಮ್ಮ ಅಮ್ಮ ಹುಟ್ಟಿದ್ದೂ ಅದರಿಂದಲೇ, ನೀವು ಮೂವರು ಇಲ್ಲಿ ಕೂತು ಅಜ್ಜಿಯನ್ನು ನೋಡಿ ನಗುವಂತಾದದ್ದೂ ಅದರಿಂದಲೇ.