ಕುಂಕುಮ ಕಾಣುವ ಫಿಲ್ಮು

ಮೊನ್ನೆ ಮೊಮ್ಮಗಳು ಅಡುಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಅವಳಿಗೆ ಅದು ಗೋಬಿ ಮಂಚೂರಿಯ ವಾಸನೆ. ನನಗೆ ಮಾತ್ರ ಪುತ್ತೂರಿನ ಒಂದು ಸ್ಟುಡಿಯೋದ, ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ನೆನಪಾಯಿತು. ಅದನ್ನು ನಡೆಸುತ್ತಿದ್ದವರ ಅಂಗಿಯಲ್ಲೂ ಇದೇ ಹುಳಿ ವಾಸನೆ ಇರುತ್ತಿತ್ತು. ನಾವೆಲ್ಲ ಅವರನ್ನು ಸ್ಟುಡಿಯೋದವರು ಎಂದೇ ಕರೆಯುತ್ತಿದ್ದೆವು...

ಅರವತ್ತರ ದಶಕದ ಮಾತು. ಅಜ್ಜಾವರದ ನಮ್ಮ ಮನೆಯಂಗಳದಲ್ಲಿ ನನ್ನ ಮದುವೆಯಾಯಿತು. ಅಮ್ಮ ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡು ಒಳಕೋಣೆಯ ಮಂಚದಲ್ಲಿದ್ದಳು. ಮಗಳ ಧಾರೆಯನ್ನು ಅವಳು ಕಿವಿಯಲ್ಲಿ ಕೇಳಿದ್ದಷ್ಟೇ. ಎರಡು ದಿನ ಕಳೆದು ಪುತ್ತೂರಿನ ಗಂಡನ ಮನೆಯಲ್ಲಿ ಸಂಜೆ ರಿಸೆಪ್ಷನ್. ಅಲ್ಲಿಗೆ ಅವಳು ಬರುವ ಪ್ರಶ್ನೆಯೇ ಇರಲಿಲ್ಲ. ಹೊರಡುವಾಗ ನಾನು ಅತ್ತುಬಿಟ್ಟೆ, ಅವಳು ಅಳಲಿಲ್ಲ.

"ಅಲ್ಲಿಂದ ಒಂದು ಪಟ ಕಳಿಸು ಮಗಳೇ. ನೋಡಿದ್ರೆ ನಂಗೆ ಗೊತ್ತಾಗ್ತದೆ" ಎಂದಳು.

ಏನು ಗೊತ್ತಾಗುತ್ತದೆ ಎಂದು ಹೇಳಲಿಲ್ಲ. ಹೊಸ ಮನೆಯವರು ನನ್ನನ್ನು ಹೇಗೆ ನೋಡಿಕೊಳ್ಳುತ್ತಾರೋ ಎನ್ನುವುದೊಂದೇ ಅವಳ ಚಿಂತೆ ಎಂದು ನನಗೆ ತಿಳಿದಿತ್ತು. ಯಜಮಾನರಿಗೆ ಹೇಳಿದೆ. ಅವರು ಸ್ಟುಡಿಯೋದವರಿಗೆ ಹೇಳಿದರು.

ಸ್ಟುಡಿಯೋದವರು ಮಧ್ಯಾಹ್ನವೇ ಬಂದು ಮಹಡಿಯ ಚಾವಡಿಯ ಬಲ್ಬುಗಳನ್ನು ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದರು. ಅವರ ಚೀಲದಲ್ಲಿ ಎರಡು ಜಾತಿಯ ಕಪ್ಪು-ಬಿಳುಪು ಫಿಲ್ಮು ಇತ್ತು. ಒಂದು ನಿಧಾನದ್ದು. ಅದಕ್ಕೆ ಫ್ಲ್ಯಾಶ್ ಬೇಕೇ ಬೇಕು, ಆದರೆ ಕೆಂಪು ಬಣ್ಣ ಗಾಢ ಕಪ್ಪಾಗಿ ಮೂಡುತ್ತದೆ. ಇನ್ನೊಂದು ಚುರುಕಿನದ್ದು. ಬಲ್ಬು, ಗ್ಯಾಸ್‌ಲೈಟುಗಳ ಬೆಳಕೇ ಅದಕ್ಕೆ ಸಾಕು. ಆದರೆ ಆ ಬೆಳಕಿನಲ್ಲಿ ಕೆಂಪು ಬಿಳಿಚಿಕೊಳ್ಳುತ್ತದೆ. ಹಿಂದಿನ ವರ್ಷ ಕಡಬದ ಮದುವೆಯೊಂದರಲ್ಲಿ ಚುರುಕಿನ ಫಿಲ್ಮು ಹಾಕಿ ಅವರು ಕೈ ಸುಟ್ಟುಕೊಂಡಿದ್ದರು. ಎಲ್ಲ ಚೆನ್ನಾಗಿಯೇ ಬಂದಿತ್ತು, ಮದುಮಗಳ ಹಣೆಯ ಕುಂಕುಮದ ಹೊರತು. ಪಾಪ, ಸಣ್ಣ ಕುಂಚ ಹಿಡಿದು ಒಂದೊಂದು ಪಟಕ್ಕೂ ಬೊಟ್ಟು ಬರೆದು ಕೊಟ್ಟರಂತೆ. ಬರೆದ ಬೊಟ್ಟು ಕುಂಕುಮವಾಗುವುದಿಲ್ಲ ಎಂದು ಹಿರಿಯರು ಅಷ್ಟನ್ನೂ ವಾಪಸು ಕಳಿಸಿದರು. ಅಂದಿನಿಂದ ಮದುಮಗಳಿಗೆ ನಿಧಾನದ ಫಿಲ್ಮೇ ಎಂದು ಅವರು ಗಟ್ಟಿ ಮಾಡಿಕೊಂಡಿದ್ದರು.

ಸಂಜೆ ಯಜಮಾನರ ಅಜ್ಜ ಕೋಲೂರಿಕೊಂಡು ಬಂದು ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕಣ್ಣಿನ ಪೊರೆ ತೆಗೆಸಿ ಒಂದು ವಾರವಾಗಿತ್ತಷ್ಟೆ, ಕಪ್ಪು ಕನ್ನಡಕ ಹಾಕಿದ್ದರು. ಜೋರು ಬೆಳಕು ಬೀಳಬಾರದೆಂದು ಡಾಕ್ಟರು ಹೇಳಿದ್ದರು. ಪಟ ತೆಗೆದಾಗುವವರೆಗೆ ಅಜ್ಜ ಒಳಗಿರಲಿ ಎಂದು ಯಾರೋ ಅಂದರು. ಅಜ್ಜ ಕೋಲಿಗೆ ಕೈ ಚಾಚಿದರು. ಸ್ಟುಡಿಯೋದವರು ಫ್ಲ್ಯಾಶನ್ನು ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟರು.

"ಕೂತ್ಕೊಳ್ಳಿ ಅಜ್ಜ. ನಿಮ್ಮನ್ನು ಎಬ್ಬಿಸಿ ತೆಗೆಯುವ ಪಟ ಎಂತಕ್ಕೆ?"

ಫ್ಲ್ಯಾಶ್ ಇಲ್ಲದಿದ್ದರೆ ಚುರುಕಿನ ಫಿಲ್ಮೇ ಗತಿ. ಅಮ್ಮನ ಕೈಗೆ ಬರಿ ಹಣೆಯ ಪಟ ಹೋಗುವುದೇ? ಅಷ್ಟರಲ್ಲಿ ಅವರು ಚುರುಕಿನ ಫಿಲ್ಮು ಹಾಕುತ್ತ ನನ್ನ ಅತ್ತೆಯ ಹತ್ತಿರ ಸ್ವಲ್ಪ ಕಾಡಿಗೆ ಕೇಳಿದರು. ಕುಂಕುಮಕ್ಕೆ ಬೆರೆಸಿ ಇಟ್ಟರೆ ಫಿಲ್ಮಿಗೆ ಕಾಣುತ್ತದೆ ಎಂದರು. ಅತ್ತೆಯ ಮುಖ ಬಿಗಿಯಿತು. ಹೊಸ ಮದುಮಗಳ ಹಣೆಗೆ ಕಪ್ಪೇ? ಅತ್ತೆಯವರದ್ದು ಮಾತು ಕಡಿಮೆ. ಎರಡು ದಿನಗಳಿಂದ ನಾನು ಅವರೆದುರು ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದೆ.

ಸ್ಟುಡಿಯೋದವರು ವಾದಕ್ಕೆ ಇಳಿಯಲಿಲ್ಲ. "ಅಮ್ಮ, ಇವರ ತಾಯಿ ಮಂಚ ಬಿಟ್ಟು ಏಳುವ ಹಾಗಿಲ್ಲ. ಅವರು ನೋಡುದು ಈ ಪಟ ಒಂದೇ" ಎಂದರು.

ಅತ್ತೆ ಎದ್ದು ಒಳಗೆ ಹೋದರು. ಇನ್ನು ಹೊರಗೆ ಬರುವುದಿಲ್ಲವೆಂದೇ ನಾನು ತಿಳಿದೆ... ಬಂದರು. ಕೈಯಲ್ಲಿ ಕುಂಕುಮದ ಕರಡಿಗೆಯೂ ಕಾಡಿಗೆಯೂ ಇದ್ದವು. ಒಂದು ತೊಟ್ಟು ಎಣ್ಣೆ ಹಾಕಿ ಅಂಗೈಯಲ್ಲೇ ಎರಡನ್ನೂ ಕಲಸಿದರು. ತಮ್ಮ ಸೆರಗಿನಿಂದ ನನ್ನ ಹಣೆಯ ಬೆವರೊರೆಸಿ, ಗಲ್ಲ ಹಿಡಿದೆತ್ತಿ ಬೊಟ್ಟಿಟ್ಟರು. ಬೆರಳು ತೆಗೆದು, ಸರಿಯಾಯಿತೇ ಎಂದು ನೋಡುತ್ತ, "ದೃಷ್ಟಿಗೂ ಆಯ್ತು" ಎಂದರು. ನನಗೆ ನಗು ಬಂತು. ಅವರೂ ನಕ್ಕರು. ಆಗಲೇ ಕ್ಯಾಮೆರಾ ಟಿಕ್ಕೆಂದಿತು.

ತಿಂಗಳು ಕಳೆದು ತವರಿಗೆ ಹೋದಾಗ ಅಮ್ಮನ ದಿಂಬಿನಡಿ ಯಜಮಾನರು ಕಳಿಸಿಕೊಟ್ಟಿದ್ದ ಅದೇ ಪಟವಿತ್ತು. ಒಂದು ಬದಿಗೆ ಅಜ್ಜನ ಕಪ್ಪು ಕನ್ನಡಕ, ನಡುವೆ ನನ್ನ ಹಣೆಯಲ್ಲಿ ದುಂಡಗಿನ ಬೊಟ್ಟು. ಅಮ್ಮ ಬೆರಳಿಟ್ಟದ್ದು ಬೊಟ್ಟಿನ ಮೇಲಲ್ಲ, ನನ್ನ ಗಲ್ಲ ಹಿಡಿದ ಕೈಯ ಮೇಲೆ.

"ಇದು ನಿನ್ನ ಅತ್ತೆಯ ಕೈ ಅಲ್ವಾ? ಇದು ಬಂದ ಮೇಲೆ ನಂಗೆ ನಿದ್ರೆ ಬರ್ತದೆ" ಎಂದಳು.

ಪೋಸು ಕೊಡುವ ಮೊದಲೇ ಕ್ಯಾಮೆರಾದ ಗುಂಡಿ ಒತ್ತಿಹೋಯಿತು, ಆ ಒಂದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸ್ಟುಡಿಯೋದವರು ಯಜಮಾನರ ಬಳಿ ಸಂಕೋಚಪಟ್ಟುಕೊಂಡಿದ್ದರಂತೆ. ಅಮ್ಮನ ಮಾತನ್ನು ಅವರಿಗೆ ಹೇಳಬೇಕು ಎಂದುಕೊಂಡೇ ವರ್ಷಗಟ್ಟಲೆ ಆ ಸ್ಟುಡಿಯೋದ ಎದುರು ಓಡಾಡಿದೆ. ಇವತ್ತು, ನಾಳೆ... ಒಂದು ದಿನ ಬಾಗಿಲು ಮುಚ್ಚಿತ್ತು. ಮತ್ತೆ ತೆರೆಯಲಿಲ್ಲ. ಈಗ ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಪಟದಲ್ಲಿ ಮಾತ್ರ ನಾನೂ ಅತ್ತೆಯೂ ಇನ್ನೂ ನಗುತ್ತಿದ್ದೇವೆ. ಆ ಪಟ ಬಂದ ಮೇಲೆ ಅಮ್ಮ ಬಹಳ ವರ್ಷ ಬದುಕಿದಳು, ಒಂದು ದಿನವೂ ನನ್ನ ಚಿಂತೆ ಮಾಡದೆ. ಅದು ನಿಮ್ಮಿಂದ ಆಯಿತು ಎಂದು ಸ್ಟುಡಿಯೋದವರಿಗೆ ಹೇಳಲು ಆಗಲೇ ಇಲ್ಲ.