ಬಿ-ಕಾಂಪ್ಲೆಕ್ಸ್ ಡಾಕ್ಟರು

ನಮ್ಮ ಚಪ್ಪಲಿ ಕಾರ್ಖಾನೆಯ ಡಾಕ್ಟರಿಗೆ ನಾವಿಟ್ಟ ಹೆಸರು ಬಿ-ಕಾಂಪ್ಲೆಕ್ಸ್. ತಲೆನೋವಿನಿಂದ ಹಿಡಿದು ಅತ್ತೆಯ ಕಾಟದವರೆಗೆ ಅವರು ಕೊಡುವುದು ಅದೊಂದೇ ಮಾತ್ರೆ. ಮನುಷ್ಯ ಸೌಮ್ಯ, ಯಾರನ್ನೂ ಗದರಿದವರಲ್ಲ. ಅಂಟು ಹಚ್ಚುವ ಶೆಡ್ಡಿನ ನಾವು, ಪಾದ ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ತಿಳಿಯುವುದಿಲ್ಲ ಎಂದು ಹೋದರೆ, ಅಂಗಾಲಿಗೆ ಗುಂಡುಸೂಜಿ ಒತ್ತಿ ನೋಡಿ, "ನರದ ಉರಿಯೂತ ಕಣಮ್ಮ, ಸಕ್ಕರೆ ಕಾಯಿಲೆಯವರಿಗೆ ಬರುತ್ತೆ" ಎನ್ನುತ್ತಾರೆ. "ನಂಗೆ ಸಕ್ಕರೆ ಇಲ್ಲ ಸಾರ್" ಎಂದೆ ಒಮ್ಮೆ. "ಹಾಗಾದ್ರೆ ವಯಸ್ಸು." "ಇಪ್ಪತ್ತಾರು ಸಾರ್." "ಹಾಗಾದ್ರೆ ಯೋಚನೆ ಜಾಸ್ತಿ ಮಾಡ್ತೀಯ." ಅಂಟಿನ ವಾಸನೆಯಿಂದ ಇರಬಹುದೇ ಎಂದರೆ ನಕ್ಕು, "ವಾಸನೆಗೆಲ್ಲ ನರ ಕೆಡುತ್ತಾ?" ಎಂದು ಇನ್ನೊಂದು ಸ್ಟ್ರಿಪ್ ಮಾತ್ರೆ ಚಾಚುತ್ತಾರೆ; ಅದು ನಮ್ಮ ಬೆರಳಿನಿಂದ ಜಾರಿದರೆ ತಾವೇ ಬಗ್ಗಿ ಎತ್ತಿ ಊಟದ ಚೀಲಕ್ಕೆ ಹಾಕಿಕೊಡುವಷ್ಟು ಒಳ್ಳೆಯವರು. ಗಾಳಿಯೆಂದರೆ ಅವರಿಗೆ ಪ್ರಾಣ. "ಮನೇಲಿ ಕಿಟಕಿ ತೆಗೆದಿಡಿ, ಅರ್ಧ ಕಾಯಿಲೆ ಅಲ್ಲೇ ಹೋಗುತ್ತೆ" ಎಂದು ಎಲ್ಲರಿಗೂ ಹೇಳುತ್ತಾರೆ. ಅವರ ಕೋಣೆಯ ಕಿಟಕಿಗಳೂ ಸದಾ ತೆರೆದೇ ಇರುತ್ತವೆ. ನಮ್ಮ ಶೆಡ್ಡಿನ ಕಡೆಗಿರುವ ಒಂದಕ್ಕೆ ಮಾತ್ರ ಮೊಳೆ ಹೊಡೆದು, ಸಂದಿಗೆಲ್ಲ ಟೇಪು ಅಂಟಿಸಲಾಗಿದೆ. ಅದು ಅವರು ಕೆಲಸಕ್ಕೆ ಸೇರಿದ ವಾರವೇ ನಿಂತು ಮಾಡಿಸಿದ್ದು.