ಹುಳದ ಮನೆಗೆ ಬಿಡುವು ಸಿಕ್ಕ ದಿನ

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಮೇಯುತ್ತಿರುವಷ್ಟು ದಿನ ಎಲ್ಲರೂ ಒಟ್ಟಿಗೆ ಬಾಗಿಲು ಹಾಕಿಕೊಂಡು ಹೊರಡುವ ಮಾತೇ ಇಲ್ಲ. ಮದುವೆಗೆ ಇಬ್ಬರು ಹೋದರೆ ಸೊಪ್ಪು ಹಾಕಲು ಇಬ್ಬರು ಉಳಿಯಬೇಕು. ಗೂಡು ಬಿಡಿಸಿ, ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿ, ಮನೆ ತೊಳೆದು ಒಣಗಲು ಬಿಟ್ಟ ಮೇಲೆ, ಮುಂದಿನ ಬೆಳೆಯ ಮರಿಹುಳ ಬರುವ ತನಕ ಒಂದಷ್ಟು ದಿನ ಉಸಿರಾಡಲು ಸಿಗುತ್ತದೆ.

ಅಂಥ ಒಂದು ಬಿಡುವಿನಲ್ಲಿ ಮಗ ಹಟ ಹಿಡಿದ. ಅವನ ಕ್ಲಾಸಿನವರೆಲ್ಲ ಮೈಸೂರಿನ ಹತ್ತಿರದ ಪಾರ್ಕಿಗೆ ಹೋಗಿ ನೀರಿನಲ್ಲಿ ಜಾರಿ ಬಂದಿದ್ದರಂತೆ. ಅವನ ಜತೆಗೆ ಇನ್ನೂ ಸ್ಕೂಲು ಸೇರದ ಮಗಳೂ ರಾಗ ತೆಗೆದಳು.

"ನೀರು ನೋಡಕ್ಕೆ ಅಷ್ಟು ದೂರ ಓಗ್ಬೇಕಾ? ಕಾವೇರಿ ಇಲ್ಲೇ ಅರೀತಾವ್ಳೆ," ಅಂದರು ಅತ್ತೆ. ಆದರೆ ಹೊರಡುವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಳ್ಳೆ ಸೀರೆ ಉಟ್ಟು ಜಗಲಿ ಮೇಲೆ ಕೂತಿದ್ದವರು ಅವರೇ. ಪಕ್ಕದಲ್ಲಿ ಬುತ್ತಿಯ ಚೀಲ. ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಪುಳಿಯೋಗರೆ, ಮೊಸರನ್ನ, ಒಂದು ಡಬ್ಬಿ ತುಂಬ ಕೋಡುಬಳೆ.

ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿಯವರು ಚೀಲ ಬಿಚ್ಚಿ ನೋಡಿದರು.

"ಊಟ ಒಳಗೆ ಬಿಡಲ್ಲಮ್ಮ."

"ಅನ್ನ ಏನು ಮಾಡ್ತದಪ್ಪ ನಿಮ್ಗೆ?" ಅತ್ತೆ ಕೇಳಿದರು.

"ರೂಲ್ಸು ಕಣಮ್ಮ. ನಾನೇನು ಮಾಡ್ಲಿ?"

ಚೀಲ ಅಲ್ಲೇ ಇಟ್ಟು ಹೋಗಿ, ಸಂಜೆ ತಗೊಳ್ಳಿ ಅಂದರು. ಬಿಸಿಲಿಗೆ ಮೊಸರನ್ನ ಹುಳಿಯಾಗುತ್ತೆ ಎಂದು ಅತ್ತೆ ಒಪ್ಪಲಿಲ್ಲ. ಗೇಟಿನ ಎದುರು ಮರದ ಕೆಳಗೆ ಟವೆಲ್ ಹಾಸಿ, ಬೆಳಗಿನ ತಿಂಡಿ ಇನ್ನೂ ಕರಗದ ಹೊಟ್ಟೆಗೆ ಮಧ್ಯಾಹ್ನದ ಊಟವನ್ನೂ ಇಳಿಸಿದೆವು. ಕೊನೆಗೆ ಅತ್ತೆ ಡಬ್ಬಿಯ ಮುಚ್ಚಳದಲ್ಲಿ ಪುಳಿಯೋಗರೆ, ಎರಡು ಕೋಡುಬಳೆ ಇಟ್ಟು ಸೆಕ್ಯುರಿಟಿಯವರಿಗೂ ಕೊಟ್ಟರು. ಅವರು ಆ ಕಡೆ ಈ ಕಡೆ ನೋಡಿ ತಿಂದರು.

"ಚೆನ್ನಾಗೈತಮ್ಮ," ಅಂದರು. ಚೀಲ ಖಾಲಿಯಾಗಿತ್ತು, ಇನ್ನು ತಡೆಯಲು ಏನೂ ಉಳಿದಿರಲಿಲ್ಲ.

ಒಳಗೆ ಮೊದಲು ಕಂಡದ್ದು ತೂಗುವ ದೊಡ್ಡ ದೋಣಿ. ಮಗಳ ಎತ್ತರ ಸಾಲದು ಎಂದು ಅಲ್ಲಿದ್ದವರು ವಾಪಸ್ಸು ಕಳಿಸಿದರು. ಅವಳನ್ನು ಅತ್ತೆಯ ಜತೆ ಸುತ್ತುವ ಕುದುರೆಗಳ ಹತ್ತಿರ ಬಿಟ್ಟು, "ಇಲ್ಲೇ ಇರಿ, ಈಗ ಬಂದ್ವಿ," ಎಂದು ನಾವು ಮೂವರು ದೋಣಿ ಹತ್ತಿದೆವು.

ದೋಣಿ ಮೇಲೆ ಹೋದಾಗ ನನ್ನ ಯಜಮಾನರು ಕಣ್ಣು ಮುಚ್ಚಿ ಮಾದಪ್ಪನನ್ನು ಕರೆದರು. ಕೆಳಗೆ ಬಂದಾಗ ಎಣ್ಣೆಗಾಯಿಯನ್ನು ಬೈದರು. ಮಗ ಮಾತ್ರ ಕೈ ಎತ್ತಿಕೊಂಡು ನಗುತ್ತಿದ್ದ. ಇಳಿದಾಗ ನೆಲವೇ ತೂಗುತ್ತಿತ್ತು. ಹೊರಗೆ ಬರುವ ದಾರಿ ಬೇರೆ ಇತ್ತು, ನಮ್ಮನ್ನು ಎಲ್ಲಿಗೋ ತಂದು ಬಿಟ್ಟಿತು. ಕುದುರೆ ಹುಡುಕುತ್ತಾ ಎರಡು ಸಲ ಅದೇ ಐಸ್‌ಕ್ರೀಮ್ ಅಂಗಡಿಯ ಮುಂದೆ ಬಂದೆವು. ಕೊನೆಗೆ ಕುದುರೆ ಸಿಕ್ಕಿತು. ಅಲ್ಲಿ ಮಗಳೂ ಇಲ್ಲ, ಅತ್ತೆಯೂ ಇಲ್ಲ. ನಾನು ಅಲ್ಲಿದ್ದವರನ್ನೆಲ್ಲ ಕೇಳತೊಡಗಿದೆ.

ಅಷ್ಟರಲ್ಲಿ ಮೈಕಿನ ಹಾಡು ನಿಂತು ಒಂದು ಹೆಣ್ಣು ದನಿ ಬಂತು.

"ದಯವಿಟ್ಟು ಗಮನಿಸಿ. ಮಧುವನಹಳ್ಳಿಯ ಹುಳದ ಮನೆಯ ಅಪ್ಪ, ಅಮ್ಮ, ಅಣ್ಣ ಕಳೆದುಹೋಗಿದ್ದಾರೆ. ಅವರ ಪುಟ್ಟ ಮಗಳು ಮತ್ತು ಅಜ್ಜಿ ಮುಖ್ಯ ಬಾಗಿಲಿನ ಆಫೀಸಿನಲ್ಲಿ ಕಾಯುತ್ತಿದ್ದಾರೆ."

ಯಜಮಾನರು ನನ್ನ ಮುಖ ನೋಡಿದರು. "ಕಳ್ದೋಗಿರೋದು ನಾವಾ?"

ಓಡಿದೆವು. ಮಗಳು ಮೇಜಿನ ಮೇಲೆ ಕೂತು ಯಾರೋ ಕೊಟ್ಟ ಚಾಕ್ಲೇಟು ತಿನ್ನುತ್ತಿದ್ದಳು. ಅತ್ತೆ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಆರಾಮವಾಗಿದ್ದರು. ನಾವು ಬರುವುದು ತಡವಾದಾಗ ಮಗಳೇ ಅಜ್ಜಿಯ ಕೈ ಹಿಡಿದು ಆಫೀಸಿಗೆ ಎಳೆದು ತಂದಿದ್ದಳು. ಅಪ್ಪನ ಹೆಸರು ಕೇಳಿದರೆ "ಅಪ್ಪ" ಅಂದಳಂತೆ. ಮನೆ ಎಲ್ಲಿ ಅಂದರೆ "ಮಧುವನಳ್ಳಿ. ನಮ್ಮನೆ ತುಂಬಾ ಉಳ ಇದ್ವು, ಈಗ ಖಾಲಿ," ಅಂದಳಂತೆ.

"ನೀವಾದ್ರೂ ಹೆಸರು ಹೇಳ್ಬಾರ್ದಾ ಅತ್ತೆ?" ಅಂದೆ.

"ಅವ್ಳೇ ಏಳ್ಲಿ ಅಂತ ಬುಟ್ಟೆ ಕಣವ್ವ. ಚೆನ್ನಾಗೇ ಏಳುದ್ಲು."

ಮೈಕಿನ ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆಗ ಬಾಗಿಲಲ್ಲಿ ಒಂದು ಜೋಡಿ ಬಂದು ನಿಂತಿತು, ಜತೆಗೆ ಒದ್ದೆ ಬಟ್ಟೆಯ ಒಂದು ಮಗು.

"ಉಳದ ಮನೆಯೋರು ಯಾರು?" ಆ ಗಂಡಸು ಕೇಳಿದರು. "ನಮ್ದೂ ಅದೇ ಕಸುಬು ಕಣ್ರಿ, ಯಳಂದೂರು ತಾವ. ಮೊನ್ನೆ ತಾನೆ ಗೂಡು ಬಿಡ್ಸಿದ್ವಿ."

ಇಬ್ಬರು ಗಂಡಸರೂ ಅಲ್ಲೇ ನಿಂತು ಸೊಪ್ಪು, ಸೆಕೆ, ಹುಳಕ್ಕೆ ಬರುವ ರೋಗ ಎಲ್ಲ ಶುರು ಮಾಡಿದರು. ನಾನೂ ಆ ಹೆಂಗಸೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಇಲ್ಲಿಗೆ ಬಂದೂ ಇದೇ ಆಯ್ತಲ್ಲ," ಅಂದಳು ಅವಳು. "ಮಕ್ಕಳ್ನ ಇವರ ತಾವ ಬುಡಿ. ನಾವು ಓಗಿ ಜಾರವ."

ನಾನು ಹಿಂದೆ ಮುಂದೆ ನೋಡಿದೆ. ಅತ್ತೆ ಏನಂದಾರೋ ಎಂದು ತಿರುಗಿದರೆ, ಅವರು ಆಗಲೇ ನನ್ನ ಚಪ್ಪಲಿ, ಬಳೆ ಇಸಿದುಕೊಳ್ಳಲು ಕೈ ಚಾಚಿದ್ದರು. "ಓಗವ್ವ. ಬಂದಿರೋದು ಇನ್ಯಾತಕ್ಕೆ?"

ಅಲ್ಲೇ ಬಾಡಿಗೆಗೆ ಕೊಡುವ ನೈಲಾನ್ ಬಟ್ಟೆ ಹಾಕಿಕೊಂಡು ಮೆಟ್ಟಿಲು ಹತ್ತಿದೆವು. ನೀರು ಹರಿಯುವ ದೊಡ್ಡ ಕೊಳವೆಯ ಬಾಯಲ್ಲಿ, ಗಾಳಿ ತುಂಬಿದ ಜೋಡಿ ಟ್ಯೂಬಿನ ಮೇಲೆ ಅವಳು ಮುಂದೆ, ನಾನು ಹಿಂದೆ ಕೂತೆವು. ತಳ್ಳಿದರು. ಕತ್ತಲೆ, ನೀರು, ತಿರುವು. ನಾನು ಕೂಗಿದೆ. ಮನೆಯಲ್ಲಿ ಮಲಗಿದ ಮಗು ಏಳುತ್ತದೆ, ಜಗಲಿಯಲ್ಲಿ ನೆಂಟರಿದ್ದಾರೆ ಎಂದು ದನಿ ತಗ್ಗಿಸಿಯೇ ಅಭ್ಯಾಸವಾದ ಗಂಟಲು ನನ್ನದು. ಅಷ್ಟು ದೊಡ್ಡ ಕೂಗು ಅದರಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಕೆಳಗೆ ನೀರಿಗೆ ಬಿದ್ದು, ಕೆಮ್ಮಿ, ನಕ್ಕು, ಮತ್ತೆ ಮೆಟ್ಟಿಲ ಕಡೆ ಓಡಿದೆವು. ಅವಳ ಹೆಸರನ್ನು ನಾನು ಕೇಳಿದ್ದು ಮೂರನೇ ಸಲ ಜಾರಿದ ಮೇಲೆ.

ಸಂಜೆ ಕೊಳ್ಳೇಗಾಲದ ತನಕ ಒಂದೇ ಬಸ್ಸಿನಲ್ಲಿ ಬಂದೆವು. ತಾವೂ ನೀರಿನಲ್ಲಿ ಜಾರಿ ದಣಿದ ಮಕ್ಕಳು ಯಾರ ತೊಡೆ ಸಿಕ್ಕಿತೋ ಅದರ ಮೇಲೆ ಮಲಗಿದ್ದರು. ಸ್ಟ್ಯಾಂಡಿನಲ್ಲಿ ಫೋನ್ ನಂಬರ್ ಬರೆದುಕೊಂಡು ಬೇರೆಯಾದೆವು.

ಇಂಥ ನಂಬರುಗಳು ಫೋನಿನಲ್ಲೇ ಉಳಿದುಬಿಡುತ್ತವೆ. ಇದು ಹಾಗಾಗಲಿಲ್ಲ. ಮುಂದಿನ ಬೆಳೆಯ ಗೂಡು ಬಿಡಿಸಿದ ವಾರ, ತಮ್ಮ ತೋಟದ ಬಾಳೆಗೊನೆಯೊಂದನ್ನು ಹೊತ್ತುಕೊಂಡು ಅವರು ನಮ್ಮ ಮನೆಗೆ ಊಟಕ್ಕೆ ಬಂದರು.